ಹಾಡು ಕದ್ದವರು ಯಾರು, ಹಾಡಿದವರಿಗೆ ಸಿಕ್ಕಿದ್ದೆಷ್ಟು?

ಕಲಬುರಗಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸುತ್ತಲಿನ ಹಳ್ಳಿಗಳ ಹಾಡುಗಾರರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ಸಂಗೀತದ ಪೈರಸಿ. ಅದು ಸರಿಯೋ ತಪ್ಪೋ, ಅದರಿಂದ ಯಾರಿಗೆ ಎಷ್ಟು ನಷ್ಟ ಅನ್ನೋದನ್ನು ಹೇಳಬೇಕು. ಮೊಬೈಲಿನ ಚಿಪ್ಪಿಗೆ, ಅಂದರೆ ಮೆಮೊರಿ ಕಾರ್ಡಿಗೆ, ಹಾಡು ತುಂಬಿಸಿದವರು ಕೈ ಎತ್ತಿ ಅಂತ ನಾನು ಕೇಳೋದಿಲ್ಲ. ಕೇಳಿದರೆ ಸಭೆಯೆಲ್ಲ ಕೈ ಎತ್ತುತ್ತದೆ. ಮುಂದಿನ ಸಾಲಿನ ಹಿರಿಯರು ಮಾತ್ರ ಸುಮ್ನೆ ಕೂರುತ್ತಾರೆ, ಯಾಕಂದ್ರೆ ಅವರ ಚಿಪ್ಪನ್ನು ಮೊಮ್ಮಕ್ಕಳು ತುಂಬಿಸಿ ಕೊಟ್ಟಿರುತ್ತಾರೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ನಾವು ಅವನ್ನು ಯಾವಾಗಲೂ ಬೆರೆಸಿಬಿಡುತ್ತೇವೆ. ಹಾಡನ್ನು ದುಡ್ಡು ಕೊಡದೆ ತೆಗೆದುಕೊಂಡರೆ ಯಾರ ಜೇಬಿಗೆ ಕತ್ತರಿ ಬೀಳುತ್ತದೆ ಅನ್ನೋದು ಒಂದು. ದುಡ್ಡು ಕೊಟ್ಟೇ ತೆಗೆದುಕೊಂಡರೆ ಅದು ಹಾಡಿದವರ ಜೇಬಿಗೆ ಹೋಗುತ್ತದಾ ಅನ್ನೋದು ಇನ್ನೊಂದು. ಪೈರಸಿ ಬಗ್ಗೆ ನಡೆಯುವ ಹೆಚ್ಚಿನ ಭಾಷಣಗಳು ಮೊದಲನೆಯದನ್ನು ಕೇಳಿ ಮನೆಗೆ ಹೋಗುತ್ತವೆ. ನಮ್ಮ ಕಡೆಯ ಹಾಡುಗಾರರಿಗೆ ಎರಡನೆಯದೇ ಜಾಸ್ತಿ ಮುಖ್ಯ.

ಹಾಡಿಗೆ ದುಡ್ಡು ಕೊಡುವ ಪದ್ಧತಿಯೇ ನಮ್ಮಲ್ಲಿರಲಿಲ್ಲ, ಅದು ಕಂಪನಿಗಳು ತಂದ ರೋಗ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಯಲಾಟದಲ್ಲಿ ಪಾತ್ರ ಚೆನ್ನಾಗಿ ಹಾಡಿದರೆ ಆಟದ ಮಧ್ಯದಲ್ಲೇ ಆಯೇರಿ, ಅಂದರೆ ಕಾಣಿಕೆ, ಬರುತ್ತದೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಬಂದೇ ನವಾಜರ ದರ್ಗಾದಲ್ಲಿ ಉರುಸಿನ ಹೊತ್ತಿಗೆ ಕವ್ವಾಲರು ಹಾಡುವಾಗ ಕೇಳುವವರು ಎದ್ದು ಹೋಗಿ ನಜರಾನಾ ಇಡುತ್ತಾರೆ. ರಾತ್ರಿಯೆಲ್ಲ ಭಜನೆ ಮಾಡಿದ ಮೇಳಕ್ಕೆ ಊಟ, ಬಟ್ಟೆ, ಕೈಲಾದಷ್ಟು ದುಡ್ಡು ಕೊಡದೆ ಕಳಿಸುವ ಊರು ನಮ್ಮಲ್ಲಿಲ್ಲ. ಹಾಡಿಗೆ ಬೆಲೆ ಇತ್ತು. ಬೆಲೆ ಕೈಯಿಂದ ಕೈಗೆ ಹೋಗುತ್ತಿತ್ತು ಅಷ್ಟೇ. ಹಾಡಿದವರೂ ಕೇಳಿದವರೂ ಒಂದೇ ಜಮಖಾನದ ಮೇಲೆ ಕೂತಿರುತ್ತಿದ್ದರು.

ಯಂತ್ರ ಬಂದ ಮೇಲೆ ಇದು ಬದಲಾಯಿತು. ಹಾಡಿದವರು ಒಂದೂರಲ್ಲಿ, ಕೇಳುವವರು ಸಾವಿರ ಊರಲ್ಲಿ. ಮಧ್ಯೆ ದುಡ್ಡನ್ನು ಹೊತ್ತು ತರಲು ಯಾರಾದರೂ ಬೇಕಾಯಿತು. ರೆಕಾರ್ಡಿಂಗ್ ಕಂಪನಿ, ಹಂಚಿಕೆದಾರ, ಅಂಗಡಿಯವನು, ರಾಯಲ್ಟಿ (ಹಾಡು ಬಳಸಿದಾಗ ಹಕ್ಕುದಾರರಿಗೆ ಬರಬೇಕಾದ ಪಾಲು) ವಸೂಲಿ ಮಾಡುವ ಸೊಸೈಟಿ, ಈಗ ಆಪ್. ಈ ಉದ್ದದ ದಾರಿಯಲ್ಲಿ ದುಡ್ಡು ಎಲ್ಲಿ ಬೇಕಾದರೂ ಸೋರಬಹುದು. ಕೇಳುವವನು ಕೊಡದೇ ಹೋದರೆ ಅದನ್ನು ಪೈರಸಿ ಅನ್ನುತ್ತೇವೆ. ಮಧ್ಯದವನು ಮುಂದೆ ದಾಟಿಸದೇ ಹೋದರೆ ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ, ವ್ಯಾಪಾರ ಅನ್ನುತ್ತೇವೆ.

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ. ಕ್ಯಾಸೆಟ್ ಬರುವ ತನಕ ಭಾರತದಲ್ಲಿ ರೆಕಾರ್ಡಿನ ವ್ಯಾಪಾರ ಹೆಚ್ಚುಕಮ್ಮಿ ಒಂದೇ ಕಂಪನಿಯ ಕೈಯಲ್ಲಿತ್ತು. ಕೋಲ್ಕತ್ತಾದ ಗ್ರಾಮೋಫೋನ್ ಕಂಪನಿ, ಜನ ಎಚ್‌ಎಂವಿ ಅಂತ ಕರೆಯುತ್ತಿದ್ದುದು. ಪ್ಲೇಟು ತುಟ್ಟಿ, ಪ್ಲೇಟು ಹಾಕುವ ಯಂತ್ರ ಇನ್ನೂ ತುಟ್ಟಿ. ಸಿನಿಮಾ ಹಾಡು, ಶಾಸ್ತ್ರೀಯ ಸಂಗೀತದ ದೊಡ್ಡ ಹೆಸರುಗಳು, ಇವಕ್ಕೇ ಅಲ್ಲಿ ಜಾಗ. ಕಡಕೋಳದ ಭಜನಾ ಮೇಳವನ್ನು ಯಾರು ರೆಕಾರ್ಡ್ ಮಾಡುತ್ತಾರೆ? ಕ್ಯಾಸೆಟ್ ಈ ಬಾಗಿಲು ಮುರಿಯಿತು. ಕನ್ನಡದಲ್ಲಿ 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ಧ್ವನಿಸುರುಳಿ ಬಂತು, ಸುಗಮ ಸಂಗೀತ ಮನೆಮನೆಗೆ ಹೋಯಿತು. ಎಂಬತ್ತರ ದಶಕದಲ್ಲಿ ಸಣ್ಣ ಸಣ್ಣ ಊರುಗಳಲ್ಲಿ ಕ್ಯಾಸೆಟ್ ಕಂಪನಿಗಳು ಹುಟ್ಟಿದವು. ಭಜನೆ, ತತ್ವಪದ, ಗೀಗೀ ಪದ, ಮೊಹರಮ್ಮಿನ ರಿವಾಯತ್ ಪದ, ಎಲ್ಲವೂ ಜಾತ್ರೆಯ ಅಂಗಡಿಯಲ್ಲಿ ಮಾರಾಟಕ್ಕೆ ಬಂದವು.

ಹಾಡನ್ನು ಊರಿಗೆ ತಂದ ಯಂತ್ರವೇ ನಕಲನ್ನೂ ತಂದಿತು ಅನ್ನೋದನ್ನು ಮರೆಯಬಾರದು. ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇದ್ದರೆ ಒಂದು ಕಡೆ ಅಸಲಿ, ಇನ್ನೊಂದು ಕಡೆ ಖಾಲಿ. ಒಂದು ಗುಂಡಿ ಒತ್ತಿದರೆ ಆಯಿತು. ದೇಶದಲ್ಲಿ ಕ್ಯಾಸೆಟ್ಟಿನ ಬೆಲೆ ಇಳಿದದ್ದರಲ್ಲಿ ನಕಲಿ ಮಾಡುವವರ ಪೈಪೋಟಿಯ ಪಾಲೂ ಇದೆ. ಬಡವರ ಕೈಗೆ ಹಾಡು ಸಿಕ್ಕಿದ್ದು ಆಗಲೇ. ಆಮೇಲೆ ಎಂಪಿ3 ಸಿಡಿ ಬಂತು, ಒಂದು ಸಿಡಿಯಲ್ಲಿ ನೂರೈವತ್ತು ಹಾಡು. ಅದರ ಹಿಂದೆ ಪೆನ್‌ಡ್ರೈವ್ ಮತ್ತು ಚಿಪ್ಪು. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಹಾಡು ತುಂಬಿಸದೆ ಊರಿಗೆ ಹೊರಟ ಟಂಟಂ, ಟ್ರ್ಯಾಕ್ಟರ್, ಕ್ರೂಸರ್ ನಮ್ಮ ಜಿಲ್ಲೆಯಲ್ಲಿ ಕಡಿಮೆ.

ಈಗ ನಷ್ಟದ ಮಾತು.

ನಿಮ್ಮ ಹೊಲದಿಂದ ಯಾರೋ ಒಂದು ಚೀಲ ತೊಗರಿ ಹೊತ್ತೊಯ್ದರೆ ನಿಮ್ಮ ಬಳಿ ಒಂದು ಚೀಲ ಕಡಿಮೆ. ಹಾಡು ಹಾಗಲ್ಲ. ನಾನು ನಕಲು ಮಾಡಿಕೊಂಡರೂ ನಿಮ್ಮ ಹಾಡು ನಿಮ್ಮ ಬಳಿಯೇ ಇದೆ. ಅದಕ್ಕೇ ಬಹಳ ಜನ ಇದು ಕಳ್ಳತನ ಅಲ್ಲವೇ ಅಲ್ಲ ಅನ್ನುತ್ತಾರೆ. ಕಂಪನಿಗಳು ಇನ್ನೊಂದು ತುದಿಗೆ ಹೋಗಿ, ಪ್ರತಿ ನಕಲೂ ಕೈತಪ್ಪಿದ ಒಂದು ಮಾರಾಟ ಅಂತ ಗುಣಿಸಿ ದೊಡ್ಡ ಅಂಕಿ ತೋರಿಸುತ್ತವೆ. ಎರಡೂ ಸರಿಯಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಕೇಳಿದವರೆಲ್ಲ ದುಡ್ಡು ಕೊಟ್ಟು ಕೊಳ್ಳುತ್ತಿದ್ದರೇ? ಚಿಪ್ಪಿನಲ್ಲಿರುವ ಎರಡು ಸಾವಿರ ಹಾಡುಗಳಲ್ಲಿ ಎಷ್ಟನ್ನು ನೀವು ಒಮ್ಮೆಯಾದರೂ ಪೂರ್ತಿ ಕೇಳಿದ್ದೀರಿ?

ಅರ್ಥಶಾಸ್ತ್ರಜ್ಞರೂ ಇದರ ಬಗ್ಗೆ ಜಗಳ ಆಡಿದ್ದಾರೆ. 1999ರಲ್ಲಿ ಇಂಟರ್‌ನೆಟ್ಟಿನಲ್ಲಿ ನ್ಯಾಪ್‌ಸ್ಟರ್ ಎಂಬ ಸೇವೆ ಬಂದು ಹಾಡು ಹಂಚಿಕೊಳ್ಳುವುದು ಮಕ್ಕಳಾಟವಾಯಿತು. 2001ರಲ್ಲಿ ಕೋರ್ಟು ಅದನ್ನು ನಿಲ್ಲಿಸಿತು, ಚಟ ನಿಲ್ಲಲಿಲ್ಲ. 2006ರಲ್ಲಿ ರಾಬ್ ಮತ್ತು ವಾಲ್ಡ್‌ಫೋಗಲ್ ಎಂಬಿಬ್ಬರು ಅಮೆರಿಕದ ಕಾಲೇಜು ಹುಡುಗರ ಲೆಕ್ಕ ತೆಗೆದು, ಹತ್ತು ಆಲ್ಬಂ ಇಳಿಸಿಕೊಂಡರೆ ಸುಮಾರು ಎರಡು ಆಲ್ಬಂ ಕೊಳ್ಳುವುದು ತಪ್ಪುತ್ತದೆ ಅಂದರು. ಹತ್ತಕ್ಕೆ ಹತ್ತಲ್ಲ, ಸೊನ್ನೆಯೂ ಅಲ್ಲ. ಮರುವರ್ಷ ಓಬರ್‌ಹೋಲ್ಜರ್-ಗೀ ಮತ್ತು ಸ್ಟ್ರಂಪ್ಫ್ ಎಂಬ ಇನ್ನಿಬ್ಬರು, ಮಾರಾಟದ ಮೇಲಿನ ಪರಿಣಾಮ ಸೊನ್ನೆಗಿಂತ ಬೇರೆ ಅಂತ ಹೇಳುವಷ್ಟು ಕಾಣುವುದಿಲ್ಲ ಎಂದು ಬರೆದರು. ಅವರ ಮೇಲೆ ಬಿದ್ದ ಟೀಕೆಯೂ ಕಡಿಮೆಯಲ್ಲ.

ಜಗತ್ತಿನ ಒಟ್ಟು ಲೆಕ್ಕ ನೋಡಿದರೆ ಪೆಟ್ಟು ಬಿದ್ದದ್ದು ಕಾಣುತ್ತದೆ. ರೆಕಾರ್ಡ್ ಕಂಪನಿಗಳ ಒಕ್ಕೂಟ ಐಎಫ್‌ಪಿಐ ಪ್ರಕಾರ 1999ರಲ್ಲಿ ರೆಕಾರ್ಡ್ ಆದ ಸಂಗೀತದ ಆದಾಯ ಸುಮಾರು 2,200 ಕೋಟಿ ಡಾಲರ್. 2014ರ ಹೊತ್ತಿಗೆ ಸುಮಾರು 1,300 ಕೋಟಿಗೆ ಇಳಿಯಿತು. 2024ರಲ್ಲಿ 2,960 ಕೋಟಿ ಆಗಿದೆ. ಇಪ್ಪತ್ತೈದು ವರ್ಷದಲ್ಲಿ ಡಾಲರ್ ಎಷ್ಟು ಸವೆದಿದೆ ಅನ್ನೋದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಏರಿಕೆಯಲ್ಲಿ ಅಷ್ಟೇನೂ ಹುರುಳಿಲ್ಲ, ಆ ಮಾತು ಬೇರೆ. ಬಿದ್ದದ್ದಕ್ಕೆ ಪೈರಸಿ ಒಂದೇ ಕಾರಣ ಅಂತಲೂ ನಾನು ಹೇಳುವುದಿಲ್ಲ. ಒಂದು ಹಾಡು ಬೇಕಾದವನು ಮೊದಲು ಹತ್ತು ಹಾಡಿನ ಸಿಡಿ ಕೊಳ್ಳಬೇಕಿತ್ತು. 2003ರಿಂದ ಆಪಲ್ ಕಂಪನಿಯ ಆನ್‌ಲೈನ್ ಅಂಗಡಿ ಐಟ್ಯೂನ್ಸ್ ಒಂದೊಂದೇ ಹಾಡು ಮಾರಲು ಶುರು ಮಾಡಿತು. ಉಳಿದ ಒಂಬತ್ತು ಹಾಡಿನ ದುಡ್ಡು ಹೋಯಿತು, ಯಾರೂ ಕದಿಯದೆಯೇ ಹೋಯಿತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ನಮ್ಮ ಮಟ್ಟದ ಲೆಕ್ಕ. ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ, ಅಂಕಿ ಎಲ್ಲ ಊಹೆಯದು. ಆಳಂದದ ಕಡೆಯ ಒಂದು ಭಜನಾ ಮೇಳ ಕ್ಯಾಸೆಟ್ ತಂದಿತು ಅನ್ನಿ. ಸ್ಟುಡಿಯೋ ಬಾಡಿಗೆ, ತಬಲಾದವರು, ಹಾರ್ಮೋನಿಯಂ, ಕವರ್ ಎಲ್ಲ ಸೇರಿ 20,000 ರೂಪಾಯಿ ಖರ್ಚು. ಒಂದು ಕ್ಯಾಸೆಟ್ಟಿಗೆ 20 ರೂಪಾಯಿ ಉಳಿಯುತ್ತದೆ. ಅಂದರೆ 1,000 ಮಾರಿದರೆ ಅಸಲು ಕೈಗೆ ಬಂತು. ಕೊಳ್ಳುವವರು 1,300 ಜನ ಇದ್ದಾರೆ, 6,000 ರೂಪಾಯಿ ಲಾಭ. ಮುಂದಿನ ವರ್ಷ ಇನ್ನೊಂದು ಕ್ಯಾಸೆಟ್ ಮಾಡಬಹುದು. ಈಗ 400 ಜನ ಕಡಿಮೆಯಾದರು ಅನ್ನಿ. 900 ಮಾರಾಟ, 2,000 ನಷ್ಟ. ಮುಂದಿನ ಕ್ಯಾಸೆಟ್ ಇಲ್ಲ. ತಬಲಾದವರಿಗೆ ಕರೆ ಬರುವುದಿಲ್ಲ, ಸ್ಟುಡಿಯೋದ ಬಾಗಿಲು ಮುಚ್ಚುತ್ತದೆ. ಲಕ್ಷಗಟ್ಟಲೆ ಮಾರುವ ಸಿನಿಮಾ ಹಾಡಿನ ಕಂಪನಿಗೆ ಇದೇ ಪ್ರಮಾಣದ ಪೆಟ್ಟು ಬಿದ್ದರೆ ಲಾಭ ತಗ್ಗುತ್ತದೆ, ಬಾಗಿಲು ಮುಚ್ಚುವುದು ಅಪರೂಪ.

ಆ 400 ಜನ ಎಲ್ಲಿಗೆ ಹೋದರು ಅನ್ನೋದೇ ನಿಜವಾದ ವಿಷಯ. ಅವರೇನು ಭಜನೆಯ ನಕಲಿ ಕ್ಯಾಸೆಟ್ ಕೊಂಡಿರಬೇಕೆಂದಿಲ್ಲ. ಭಜನಾ ಮೇಳವನ್ನು ನಕಲು ಮಾಡುವುದಕ್ಕೆ ನಕಲಿ ಮಾಡುವವನಿಗೆ ಪುರುಸೊತ್ತು ಎಲ್ಲಿದೆ? ಅವನು ಮಾಡುವುದು ಸಿನಿಮಾ ಹಾಡಿನ ನಕಲು. ಜಾತ್ರೆಯಲ್ಲಿ ಒಂದು ಕಡೆ ಭಜನೆಯ ಅಸಲಿ ಕ್ಯಾಸೆಟ್, ಹತ್ತು ಹಾಡು, 35 ರೂಪಾಯಿ. ಪಕ್ಕದಲ್ಲೇ ಸಿನಿಮಾ ಹಾಡಿನ ನಕಲಿ ಸಿಡಿ, ನೂರೈವತ್ತು ಹಾಡು, 30 ರೂಪಾಯಿ. ಜೇಬಿನಲ್ಲಿರುವುದು ಐವತ್ತರ ನೋಟು. ಹುಡುಗ ಯಾವುದನ್ನು ಕೊಳ್ಳುತ್ತಾನೆ? ಯಾರೂ ಮುಟ್ಟದೆ ಬಿಟ್ಟ ಹಾಡಿಗೂ ಪೈರಸಿಯಿಂದ ನಷ್ಟವಾಗುವುದು ಹೀಗೆ. "ದೊಡ್ಡ ಕಂಪನಿದು ಕದ್ದರೆ ಏನಾಯ್ತು, ಅವರ ಬಳಿ ಬೇಕಾದಷ್ಟಿದೆ" ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕದ್ದದ್ದು ದೊಡ್ಡವರದ್ದು ಇರಬಹುದು, ಸತ್ತದ್ದು ಪಕ್ಕದ ಊರಿನ ಕ್ಯಾಸೆಟ್ಟು.

ಹಾಗಂತ ಕಂಪನಿಗಳ ಕಣ್ಣೀರನ್ನು ಪೂರ್ತಿ ನಂಬಬೇಕಿಲ್ಲ. ದುಡ್ಡು ಚೆನ್ನಾಗಿ ಬರುತ್ತಿದ್ದ ಕಾಲದಲ್ಲಿ ಅದು ಹಾಡಿದವರಿಗೆ, ಬರೆದವರಿಗೆ ತಲುಪುತ್ತಿತ್ತಾ? ಅರವತ್ತರ ದಶಕದಲ್ಲಿ ಲತಾ ಮಂಗೇಶ್ಕರ್ ಗಾಯಕರಿಗೂ ರಾಯಲ್ಟಿ ಬೇಕು ಅಂದರು. ಮೊಹಮ್ಮದ್ ರಫಿ ಒಪ್ಪಲಿಲ್ಲ, ಹಾಡಿದ್ದಕ್ಕೆ ದುಡ್ಡು ಕೊಟ್ಟ ಮೇಲೆ ಮುಗಿಯಿತು ಅನ್ನೋದು ಅವರ ನಿಲುವು. ಇಬ್ಬರೂ ಕೆಲವು ವರ್ಷ ಜೊತೆಗೆ ಹಾಡಲೇ ಇಲ್ಲ. 1977ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ನಿರ್ಮಾಪಕ ದುಡ್ಡು ಕೊಟ್ಟು ಬರೆಸಿದ, ಸಂಯೋಜಿಸಿದ ಹಾಡಿಗೆ, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕನೇ ಮೊದಲ ಒಡೆಯ ಅಂದಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಂದು ಟಿಪ್ಪಣಿ ಸೇರಿಸಿದರು. ಹಾಡುವವರ ಕಲೆಗೆ ನಮ್ಮ ಕಾನೂನಿನಲ್ಲಿ ರಕ್ಷಣೆಯೇ ಇಲ್ಲ, ಸಂಸತ್ತು ನೋಡಬೇಕು ಅಂತ. ಸಂಸತ್ತು ನೋಡಿದ್ದು 1994ರಲ್ಲಿ. ಬರೆದವರಿಗೆ, ಸಂಯೋಜಕರಿಗೆ ಗಟ್ಟಿ ನೆಲ ಸಿಕ್ಕಿದ್ದು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲಿ. ಹಿಂದಿ ಸಿನಿಮಾ ಹಾಡು ಬರೆಯುವ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದರ ಪರ ಮಾತಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಆ ತಿದ್ದುಪಡಿ ಹೇಳುವುದು ಇಷ್ಟು. ಹಕ್ಕನ್ನು ಕಂಪನಿಗೆ ಬರೆದುಕೊಟ್ಟಿದ್ದರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬರೆದವರು, ಸಂಯೋಜಕರು ಬಿಟ್ಟುಕೊಡುವ ಹಾಗೇ ಇಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. "ಎಲ್ಲ ರಾಯಲ್ಟಿ ಬಿಟ್ಟಿದ್ದೇನೆ" ಅಂತ ಸಹಿ ಹಾಕಿಸಿಕೊಂಡಿದ್ದರೂ ಆ ಮಾತು ನಿಲ್ಲುವುದಿಲ್ಲ. ಹಾಡಿದವರಿಗೂ, ಅವರ ಹಾಡನ್ನು ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಕೇಳುವ ಹಕ್ಕಿದೆ. ಕಾನೂನು ಬಂದು ಇಷ್ಟು ವರ್ಷ ಆಯಿತು. ಇಲ್ಲಿ ಕೂತ ಹಾಡುಗಾರರಲ್ಲಿ ಎಷ್ಟು ಜನ ಈ ಮಾತನ್ನು ಇವತ್ತೇ ಮೊದಲ ಸಲ ಕೇಳುತ್ತಿದ್ದೀರಿ?

ಇಲ್ಲಿಗೆ ಬಂದಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. "ಸರ್, ನಾವು ಮೂವತ್ತ ವರ್ಷದಿಂದ ತತ್ವಪದ ಹಾಡಕೋತ ಬಂದೀವ್ರಿ. ನಮ್ಮ ಹಾಡ ಯಾರ್ಯಾರೋ ಯೂಟ್ಯೂಬಿನ್ಯಾಗ ಹಾಕ್ಯಾರ. ಲಕ್ಷ ಮಂದಿ ನೋಡ್ಯಾರಂತ. ನಮಗ ಒಂದ ರೂಪಾಯಿನೂ ಬಂದಿಲ್ಲ. ಕೇಳಿದ್ರ, ಮಡಿವಾಳಪ್ಪನ ಪದ ಐತಿ, ನಿಂದೇನು ಅಂತಾರ. ಇದಕ್ಕೇನ್ ಮಾಡ್ಬೇಕ್ರಿ?"

ಕಾಕಾ, ನೀವು ಕೇಳಿದ್ದೇ ಇವತ್ತಿನ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ.

ಪದ ಬೇರೆ, ಹಾಡಿಕೆ ಬೇರೆ, ರೆಕಾರ್ಡಿಂಗ್ ಬೇರೆ. ಬರಹಕ್ಕೆ, ಸಂಗೀತ ಸಂಯೋಜನೆಗೆ ನಮ್ಮಲ್ಲಿ ಕಾಪಿರೈಟ್ ಇರುವುದು ಕರ್ತೃ ತೀರಿಕೊಂಡ ನಂತರ 60 ವರ್ಷದ ತನಕ. ಮೊದಲು 50 ಇತ್ತು. ಟಾಗೋರರ ಬರಹಗಳ ಅವಧಿ 1991ಕ್ಕೆ ಮುಗಿಯುವ ಹೊತ್ತಿಗೆ ಅದನ್ನು ಹತ್ತು ವರ್ಷ ಹಿಗ್ಗಿಸಿದರು. ಕಡಕೋಳ ಮಡಿವಾಳಪ್ಪನವರ ಪದ, ಚನ್ನೂರ ಜಲಾಲ ಸಾಹೇಬರ ಪದ, ಹುಮನಾಬಾದಿನ ಮಾಣಿಕಪ್ರಭುಗಳ ಪದ, ಇವರೆಲ್ಲ ತೀರಿಕೊಂಡು 60 ವರ್ಷಕ್ಕಿಂತ ಎಷ್ಟೋ ಜಾಸ್ತಿ ಆಯಿತು, ಹಾಗಾಗಿ ಇವೆಲ್ಲ ಎಲ್ಲರಿಗೂ ಸೇರಿದ್ದು. ಯಾರು ಬೇಕಾದರೂ ಹಾಡಬಹುದು, ಯಾರ ಅಪ್ಪಣೆಯೂ ಬೇಡ. ಆದರೆ ನೀವು ಹಾಡಿ ರೆಕಾರ್ಡ್ ಮಾಡಿದ್ದಕ್ಕೆ ಹೊಸದಾಗಿ ಹಕ್ಕು ಹುಟ್ಟುತ್ತದೆ. ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ, ಅದನ್ನು ಮಾಡಿಸಿದವರದ್ದು. ಹಾಡಿದವರ ಹಕ್ಕು 50 ವರ್ಷ, ನಿಮ್ಮದು. "ನಿಂದೇನು" ಅಂದವರಿಗೆ ಉತ್ತರ ಇದು. ಪದ ಮಡಿವಾಳಪ್ಪನವರದ್ದು, ಕಂಠ ನಿಮ್ಮದು. ಅವರಿಗೆ ಪದ ಬೇಕಿದ್ದರೆ ತಾವೇ ಹಾಡಲಿ.

ನಮ್ಮ ಪದಕಾರರು, ಅದಕ್ಕೂ ಮೊದಲು ಬಸವಕಲ್ಯಾಣದ ವಚನಕಾರರು, ಹಾಡಿಗೆ ಬೇಲಿ ಹಾಕಲಿಲ್ಲ. ಯಾರು ಬೇಕಾದರೂ ಕಲಿ, ಬರೆದುಕೋ, ಹಾಡು. ಆದರೆ ಕೊನೆಗೆ ಅಂಕಿತ ಇರುತ್ತಿತ್ತು. ಏಕತಾರಿ ಹಿಡಿದವರು ಸಾಲು ಹಿಂದೆ ಮುಂದೆ ಮಾಡುತ್ತಾರೆ, ಮರೆತ ಕಡೆ ತಮ್ಮದೊಂದು ಮಾತು ಸೇರಿಸುತ್ತಾರೆ, ಅಂಕಿತ ಮಾತ್ರ ಬಿಡುವುದಿಲ್ಲ. ನಕಲು ಮಾಡಬಹುದು, ಹೆಸರು ಅಳಿಸಬಾರದು. ಇದು ಕಾಪಿರೈಟ್ ಕಾಯ್ದೆಗಿಂತ ಎಷ್ಟೋ ಹಳೆಯ ನೀತಿ. ಇವತ್ತಿನ ಯೂಟ್ಯೂಬ್ ಚಾನೆಲ್‌ಗಳಲ್ಲಿ ಜಾಸ್ತಿ ಮುರಿಯುತ್ತಿರುವುದೂ ಇದೇ ನೀತಿ. ಹಳ್ಳಿಯ ಮೇಳದ ಹಾಡನ್ನು ತೆಗೆದು, ಡಿಜೆ ಬೀಟು ಕೂಡಿಸಿ, ತಮ್ಮ ಚಾನೆಲ್ಲಿನ ಹೆಸರನ್ನು ದೊಡ್ಡದಾಗಿ ಬರೆದು ಬಿಡುತ್ತಾರೆ. ಹಾಡಿದವರ ಹೆಸರು ಎಲ್ಲೂ ಇರುವುದಿಲ್ಲ. ಸಿನಿಮಾದವರು ಜನಪದದ ಧಾಟಿಯನ್ನು ಎತ್ತಿಕೊಂಡು "ಜನಪದ" ಅಂತ ಒಂದು ಮಾತು ಹಾಕಿದರೆ ಅದೇ ದೊಡ್ಡದು. ಯಾರೋ ಒಬ್ಬರು ಬರೆದದ್ದಲ್ಲದ, ಊರೇ ಕಟ್ಟಿದ ಹಾಡಿಗೆ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಜಾಗವೇ ಇಲ್ಲ. ಕಾಯ್ದೆಗೆ ಒಬ್ಬ ಕರ್ತೃ ಬೇಕು.

ನೀವು ಮಾಡಬೇಕಾದ್ದು, ಕಾಕಾ, ನಿಮ್ಮ ಹಾಡಿಕೆ ಅಂತ ತೋರಿಸುವ ಏನಾದರೂ ಹುಡುಕಿ ಇಟ್ಟುಕೊಳ್ಳಿ. ಮೂಲ ವಿಡಿಯೊ, ಸ್ಟುಡಿಯೋದ ರಸೀದಿ, ಕಾರ್ಯಕ್ರಮದ ಕರಪತ್ರ. ಯೂಟ್ಯೂಬಿನಲ್ಲೇ ಕಾಪಿರೈಟ್ ದೂರು ಕೊಡುವ ಫಾರಂ ಇದೆ, ಅದಕ್ಕೆ ದುಡ್ಡು ಬೇಕಿಲ್ಲ. 90 ದಿನದೊಳಗೆ ಮೂರು ಸ್ಟ್ರೈಕ್, ಅಂದರೆ ದೂರಿನ ಮೇಲೆ ಯೂಟ್ಯೂಬ್ ಕೊಡುವ ಎಚ್ಚರಿಕೆ, ಬಿದ್ದರೆ ಚಾನೆಲ್ಲೇ ಹೋಗುತ್ತದೆ, ಹಾಗಾಗಿ ಅವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಬಂದಾಗ ಹಾಡು ತೆಗೆಸುವುದಕ್ಕಿಂತ ನಿಮ್ಮ ಹೆಸರು ಹಾಕಿಸಿ ಪಾಲು ಕೇಳುವುದು ನನ್ನ ಪ್ರಕಾರ ಒಳ್ಳೆಯದು. ಉದ್ದದ ವಿಡಿಯೊ ಜಾಹೀರಾತಿನ ದುಡ್ಡಿನಲ್ಲಿ 55 ಪ್ರತಿಶತ ಚಾನೆಲ್ಲಿಗೆ ಹೋಗುತ್ತದೆ. ಮಾತಾಡಲು ಅಷ್ಟು ಗೊತ್ತಿದ್ದರೆ ಸಾಕು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ನಾನು ಆಪ್‌ಗೆ ದುಡ್ಡು ಕಟ್ಟಿ ಹಾಡು ಕೇಳ್ತೀನಿ. ನಂದು ಸರಿ ಇದೆ ಅಲ್ವಾ?"

ಸರಿ ಇದೆ ಅಮ್ಮಾ. ಆದರೆ ನಿನ್ನ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ತಿಳಿದುಕೊಂಡಿರು. ಹೆಚ್ಚಿನ ಆಪ್‌ಗಳಲ್ಲಿ ಎಲ್ಲರ ದುಡ್ಡೂ ಒಂದೇ ಗಲ್ಲಾಕ್ಕೆ ಬೀಳುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲನ್ನು ಹಕ್ಕುದಾರರಿಗೆ ಹಂಚುತ್ತಾರೆ, ಒಟ್ಟು ಎಷ್ಟು ಸಲ ಯಾರ ಹಾಡು ಓಡಿತು ಅನ್ನೋ ಲೆಕ್ಕದಲ್ಲಿ. ನೀನು ತಿಂಗಳಿಡೀ ತತ್ವಪದ ಒಂದನ್ನೇ ಕೇಳಿದರೂ ನಿನ್ನ ದುಡ್ಡಿನ ದೊಡ್ಡ ಪಾಲು ದೇಶದಲ್ಲಿ ಜಾಸ್ತಿ ಓಡಿದ ಸಿನಿಮಾ ಹಾಡಿಗೆ ಹೋಗುತ್ತದೆ. ನೀನು ಕೇಳಿದವರಿಗೇ ನಿನ್ನ ದುಡ್ಡು ಹೋಗುವಂತೆ ಹಂಚುವ ವಿಧಾನವೂ ಇದೆ. ಸೌಂಡ್‌ಕ್ಲೌಡ್ ಎಂಬ ಆಪ್ 2021ರಲ್ಲಿ ಅದನ್ನು ಶುರು ಮಾಡಿತು. ದೊಡ್ಡ ಆಪ್‌ಗಳು ಆ ಕಡೆ ಹೋಗಿಲ್ಲ. 2024ರಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಓಡದ ಹಾಡಿಗೆ ರೆಕಾರ್ಡಿಂಗಿನ ದುಡ್ಡು ಕೊಡುವುದೇ ಇಲ್ಲ. ಯಡ್ರಾಮಿಯ ಮೇಳದ ಹಾಡು ಒಂಬೈನೂರು ಸಲ ಓಡಿದರೆ ಸೊನ್ನೆ. ಅದನ್ನು ಯಾರೂ ಪೈರಸಿ ಅನ್ನುವುದಿಲ್ಲ.

ಇನ್ನು ಕಾನೂನು ಎಷ್ಟು ಬಿಗಿ ಅಂತ ಹುಡುಗರು ತಿಳಿದಿರಲಿ. ಕಾಪಿರೈಟ್ ಕಾಯ್ದೆಯ 63ನೇ ಕಲಂ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ಇದು ಜಾಮೀನಿಲ್ಲದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ರಾಜ್ಯದ ಗೂಂಡಾ ಕಾಯ್ದೆ 1985ರದ್ದು, ಅದಕ್ಕೆ 2014ರಲ್ಲಿ ಆಡಿಯೊ, ವಿಡಿಯೊ ಪೈರಸಿ ಮಾಡುವವರನ್ನೂ ಸೇರಿಸಿದರು. ಗೂಂಡಾಗಳು, ಜೂಜುಕೋರರು ಇರುವ ಪಟ್ಟಿಯಲ್ಲೇ. ವಿಚಾರಣೆ ಇಲ್ಲದೆ ಒಂದು ವರ್ಷದ ತನಕ ಒಳಗಿಡಬಹುದಾದ ಕಾಯ್ದೆ ಅದು. ಹಾಡು ತುಂಬಿಸಿದ ಹುಡುಗನ ಹಿಂದೆ ಪೊಲೀಸರು ಬರಬಹುದು. ಹಾಡಿದವರ ಪಾಲು ಕೊಡದವರ ಹಿಂದೆ ಯಾವ ಪೊಲೀಸರೂ ಬರುವುದಿಲ್ಲ, ನೀವೇ ವಕೀಲರನ್ನು ಹಿಡಿದು ಅಲೆಯಬೇಕು. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ.

ಮದುವೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊರಗೆ ಹೋದ ಮೇಲೆ ಕೇಳುತ್ತೀರಿ. ಮದುವೆ ಮೆರವಣಿಗೆಯಲ್ಲಿ, ಮದುವೆಗೆ ಸೇರಿದ ಸಮಾರಂಭದಲ್ಲಿ, ಧಾರ್ಮಿಕ ವಿಧಿಯಲ್ಲಿ ಹಾಡು ಹಾಕುವುದಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಮದುವೆ ಮನೆಗೆ ಬಂದು ಲೈಸೆನ್ಸ್ ಕೇಳುವವರಿಗೆ ಇದನ್ನು ತೋರಿಸಿ. ಹೋಟೆಲ್ಲಿನಲ್ಲಿ, ಮಳಿಗೆಯಲ್ಲಿ ದಿನಾ ಹಾಕುವುದಕ್ಕೆ ಈ ವಿನಾಯಿತಿ ಇಲ್ಲ.

ಹಾಗಾದರೆ ಸರಿ ಯಾವುದು, ತಪ್ಪು ಯಾವುದು? ಎಲ್ಲ ನಕಲನ್ನೂ ಒಂದೇ ಕೋಲಿನಿಂದ ಅಳೆಯಲು ನಾನು ತಯಾರಿಲ್ಲ. ಸ್ನೇಹಿತನಿಗೆ ವಾಟ್ಸಾಪಿನಲ್ಲಿ ಒಂದು ಹಾಡು ಕಳಿಸಿದವನೂ, ಹಾಡಿನ ವೆಬ್‌ಸೈಟ್ ಮಾಡಿ ಜೂಜಿನ ಜಾಹೀರಾತಿನಿಂದ ಲಕ್ಷ ಎಣಿಸುವವನೂ ಒಂದೇ ಅಲ್ಲ. ಎಲ್ಲೂ ಮಾರಾಟಕ್ಕಿಲ್ಲದ ಹಳೇ ಕ್ಯಾಸೆಟ್ಟನ್ನು ಉಳಿಸಿಕೊಳ್ಳಲು ನಕಲು ಮಾಡಿಟ್ಟವರಿಗೆ ನಾನು ಕೈ ಮುಗಿಯುತ್ತೇನೆ, ಕಾಯ್ದೆ ಏನೇ ಹೇಳಲಿ. ನಮ್ಮ ಕಡೆಯ ಎಷ್ಟೋ ಹಾಡುಗಾರರ ದನಿ ಇವತ್ತು ಉಳಿದಿರುವುದೇ ಅಂಥವರ ಟ್ರಂಕಿನಲ್ಲಿ. ನಕಲಿನಿಂದ ದುಡ್ಡು ಮಾಡಿದವರು ಅದರಲ್ಲಿ ಪಾಲು ಕೊಡದೇ ಇರುವುದು ತಪ್ಪು. ಹಾಡಿದವರ ಹೆಸರು ತೆಗೆಯುವುದು ಅದಕ್ಕಿಂತ ದೊಡ್ಡ ತಪ್ಪು. ಅದನ್ನು ಮೊಬೈಲ್ ಅಂಗಡಿಯವನು ಮಾಡಲಿ, ಕಂಪನಿ ಮಾಡಲಿ.

ಕಲಾವಿದರಿಗೆ ಕೆಲವು ಕೆಲಸದ ಮಾತು. ಕಾಪಿರೈಟ್ ನೋಂದಣಿ ಮಾಡಿಸದಿದ್ದರೂ ಹಕ್ಕು ಇರುತ್ತದೆ. ಮಾಡಿಸಿದರೆ ಸಾಕ್ಷಿಗೆ ಒಳ್ಳೆಯದು. ಸಾಹಿತ್ಯಕ್ಕೆ, ಸಂಗೀತಕ್ಕೆ ಒಂದೊಂದಕ್ಕೆ 500 ರೂಪಾಯಿ ಶುಲ್ಕ, ರೆಕಾರ್ಡಿಂಗಿಗೆ 2,000. ಸ್ವಂತ ಪದ ಬರೆಯುವವರು, ಧಾಟಿ ಕಟ್ಟುವವರು ಅವರ ರಾಯಲ್ಟಿ ವಸೂಲಿ ಮಾಡುವ ಸೊಸೈಟಿ ಐಪಿಆರ್‌ಎಸ್‌ನ ಸದಸ್ಯರಾಗಬಹುದು. 1969ರಿಂದ ಇರುವ ಸಂಸ್ಥೆ, 2017ರಲ್ಲಿ ಹೊಸ ಕಾಯ್ದೆಯಡಿ ಮತ್ತೆ ನೋಂದಣಿಯಾಗಿದೆ. ಸ್ಟುಡಿಯೋದವರು ಕೊಡುವ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. "ಎಂದೆಂದಿಗೂ, ಜಗತ್ತಿನಾದ್ಯಂತ" ಅನ್ನುವ ಸಾಲು ಇದೆಯಾ ನೋಡಿ, ಇದ್ದರೆ ಹೊಡೆದು ಹಾಕಿಸಿ. ಈಗಾಗಲೇ ಸಹಿ ಹಾಕಿದ್ದೀರಾ? ಆ ಕಾಗದ ಹುಡುಕಿ ತೆಗೆಯಿರಿ. ಅದು 1995ರ ಮೇ ನಂತರದ್ದಾಗಿದ್ದು, ಅದರಲ್ಲಿ ಅವಧಿ ಬರೆದಿಲ್ಲದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. ಎಲ್ಲೆಲ್ಲಿಗೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಎಷ್ಟೋ ಹಳೇ ಕಾಗದಗಳಲ್ಲಿ ಇವೆರಡನ್ನೂ ಬರೆದೇ ಇರುವುದಿಲ್ಲ. ನೀವು ಹೋಯಿತು ಅಂದುಕೊಂಡ ಹಕ್ಕು ನಿಮಗೇ ವಾಪಸ್ ಬಂದಿರಬಹುದು.

ಕೊನೆಯ ಪ್ರಶ್ನೆ ಮೊಬೈಲ್ ಅಂಗಡಿ ಇಟ್ಟ ಒಬ್ಬ ಹುಡುಗನದ್ದು. "ಸರ್, ಹಂಗಂದ್ರ ನಾ ಅಂಗಡಿ ಮುಚ್ಚಬೇಕೇನ್ರಿ? ನನ್ನ ಹತ್ರ ಬರೋರು ಬಟನ್ ಫೋನಿನವ್ರು. ಹೊಲದಾಗ ಕೇಳ್ಲಿಕ್ಕಿ ತುಂಬಿಸ್ಕೊಂಡ ಹೋಗ್ತಾರ. ಅವ್ರಿಗಿ ಆಪೂ ಇಲ್ಲ, ನೆಟ್ಟೂ ಇಲ್ಲ."

ಅವನ ಮಾತಿನಲ್ಲಿ ಹುರುಳಿದೆ. ಅವನ ಗಿರಾಕಿಗಳಿಗೆ ಹಾಡು ಮಾರುವ ಬೇರೆ ವ್ಯವಸ್ಥೆಯನ್ನು ಯಾವ ಕಂಪನಿಯೂ ಮಾಡಿಲ್ಲ. ಸಿನಿಮಾ ಹಾಡು ತುಂಬಿಸು ಅಂತ ನಾನು ಹೇಳಲಾರೆ, ಕಾಯ್ದೆ ಒಪ್ಪುವುದಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕೂತ ಕಾಕಾ ಅವರ ಮೇಳದ ಹಾಡನ್ನು ತುಂಬಿಸಬಹುದಲ್ಲ? ಅವರೇ ರೆಕಾರ್ಡ್ ಮಾಡಿ ಕೊಡಲಿ, ಹಕ್ಕು ಅವರದ್ದೇ ಇರಲಿ. ಚಿಪ್ಪಿಗೆ ಇಷ್ಟು ಅಂತ ಮಾತಾಡಿಕೊಳ್ಳಿ. ಮಾತಾಡಿದ್ದನ್ನು ಕಾಗದದ ಮೇಲೆ ಬರೆಯಿರಿ, ಯಾಕಂದ್ರೆ ಲೈಸೆನ್ಸ್ ಬರಹದಲ್ಲಿರಬೇಕು ಅಂತ ಕಾಯ್ದೆ ಹೇಳುತ್ತದೆ. ಎಷ್ಟು ವರ್ಷಕ್ಕೆ ಅನ್ನೋದನ್ನೂ ಬರೆಯಿರಿ.

ಹುಡುಗ ಚಿಪ್ಪಿಗೆ ಐದು ರೂಪಾಯಿ ಅಂದ. ಕಾಕಾ ಹತ್ತು ಅಂದರು. ಚಹಾ ಬರುವ ಹೊತ್ತಿಗೂ ಚೌಕಾಸಿ ನಡೆದೇ ಇತ್ತು.